ಎರಡು ವಾರದ ಸೇವೆ: ಉಪಕಾರ ಯಾರಿಗೆ?

ವಿಶ್ವಸಂಸ್ಥೆ 2026ನೇ ಇಸವಿಯನ್ನು ‘ಸುಸ್ಥಿರ ಅಭಿವೃದ್ಧಿಗಾಗಿ ಅಂತರರಾಷ್ಟ್ರೀಯ ಸ್ವಯಂಸೇವಕರ ವರ್ಷ’ ಎಂದು ಘೋಷಿಸಿದೆ. ಇಂಥ ವರ್ಷಗಳು ಬಂದಾಗ ಭಾಷಣಗಳಿಗೆ ಬರವಿಲ್ಲ. ಯುವಜನರು ಗಡಿ ದಾಟಬೇಕು, ಬಡ ಹಳ್ಳಿಗಳಲ್ಲಿ ದುಡಿಯಬೇಕು, ಜಗತ್ತನ್ನು ಬದಲಿಸಬೇಕು ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಅದಕ್ಕೆ ತಕ್ಕಂತೆ ಜಾಹೀರಾತುಗಳೂ ಇವೆ. ನೇಪಾಳದ ಹಳ್ಳಿ ಶಾಲೆಗೆ ಬಣ್ಣ ಬಳಿಯಿರಿ, ಕಾಂಬೋಡಿಯಾದ ಅನಾಥ ಮಕ್ಕಳಿಗೆ ಇಂಗ್ಲಿಷ್ ಕಲಿಸಿ, ಕೆನ್ಯಾದಲ್ಲಿ ಶೌಚಾಲಯ ಕಟ್ಟಿ. ಎರಡು ವಾರ, ಊಟ ವಸತಿ ಸೇರಿ ಇಷ್ಟು ಶುಲ್ಕ, ಕೊನೆಗೊಂದು ಪ್ರಮಾಣಪತ್ರ. ಒಂದು ಕಾಲದಲ್ಲಿ ಈ ಕರೆಗಳು ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾದ ವಿದ್ಯಾರ್ಥಿಗಳಿಗೆ ಮಾತ್ರ ಹೋಗುತ್ತಿದ್ದವು. ಈಗ ಬೆಂಗಳೂರು, ಮೈಸೂರು, ಮಂಗಳೂರಿನ ಹುಡುಗ ಹುಡುಗಿಯರ ಮೊಬೈಲಿಗೂ ಬರುತ್ತಿವೆ.

ಹಣ ಕೊಟ್ಟು ಸೇವೆಗೆ ಹೋಗುವ ಈ ಪದ್ಧತಿಗೆ ‘ವಾಲಂಟೂರಿಸಂ’ ಎಂಬ ಹೆಸರು ಬಿದ್ದಿದೆ. ವಾಲಂಟಿಯರ್ ಮತ್ತು ಟೂರಿಸಂ ಎರಡನ್ನೂ ಕೂಡಿಸಿ ಮಾಡಿದ ಪದ. ನಮ್ಮ ಮಾತಿನಲ್ಲಿ ‘ಸೇವಾ ಪ್ರವಾಸ’ ಎನ್ನಬಹುದು. ಹೋಗುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ರಜೆಯಲ್ಲಿ ಮಾಲ್ ಸುತ್ತುವ ಬದಲು ಹಳ್ಳಿಯೊಂದರಲ್ಲಿ ಬೆವರು ಸುರಿಸುತ್ತೇನೆ ಎನ್ನುವ ಇಪ್ಪತ್ತರ ವಯಸ್ಸಿನವರನ್ನು ಗೇಲಿ ಮಾಡುವುದು ಸುಲಭ. ಆದರೆ ಅದು ನ್ಯಾಯವಲ್ಲ. ಕೇಳಬೇಕಾದ ಪ್ರಶ್ನೆ ಬೇರೆ. ಅವರು ಹೋಗಿ ಬಂದ ಮೇಲೆ ಆ ಹಳ್ಳಿಯಲ್ಲಿ ಏನು ಉಳಿಯುತ್ತದೆ? ಅವರು ಹೋಗದೇ ಇದ್ದಿದ್ದರೆ ಏನಾಗುತ್ತಿತ್ತು?

ಎರಡು ವರ್ಷ ಎರಡು ವಾರವಾದ ಕಥೆ

ಈ ಕಥೆ ಶುರುವಾದದ್ದು ದೊಡ್ಡ ಆದರ್ಶದೊಂದಿಗೆ. ಬ್ರಿಟನ್ನಿನಲ್ಲಿ 1958ರಲ್ಲಿ ವಿಎಸ್ಒ ಎಂಬ ಸಂಸ್ಥೆ ಹುಟ್ಟಿತು. ಆಗಷ್ಟೇ ಶಾಲೆ ಮುಗಿಸಿದ ಹುಡುಗರನ್ನು ಸಾಗರದಾಚೆಯ ದೇಶಗಳಿಗೆ ಕಳಿಸುವುದು ಅದರ ಆರಂಭದ ಕೆಲಸ. 1961ರ ಮಾರ್ಚ್ 1ರಂದು ಅಮೆರಿಕದ ಅಧ್ಯಕ್ಷ ಜಾನ್ ಕೆನಡಿ ‘ಪೀಸ್ ಕೋರ್’ ಸ್ಥಾಪಿಸಿದರು. 1965ರಲ್ಲಿ ಜಪಾನ್ ತನ್ನದೇ ಯುವ ಸ್ವಯಂಸೇವಕರ ಪಡೆಯನ್ನು ಕಟ್ಟಿ, ಮೊದಲ ತಂಡವನ್ನು ಲಾವೋಸ್‌ಗೆ ಕಳಿಸಿತು.

ಇವುಗಳಿಗೆ ರಾಜಕೀಯ ಉದ್ದೇಶ ಇರಲಿಲ್ಲವೆಂದಲ್ಲ. ಶೀತಲ ಸಮರದ ಕಾಲವದು. ಹೊಸದಾಗಿ ಸ್ವತಂತ್ರವಾದ ದೇಶಗಳ ಮನಸ್ಸು ಗೆಲ್ಲುವುದೂ ಲೆಕ್ಕಾಚಾರದಲ್ಲಿತ್ತು. ಆದರೆ ಕೆಲಸದ ಕ್ರಮ ಗಂಭೀರವಾಗಿತ್ತು. ಪೀಸ್ ಕೋರ್ ಸೇರಿದವರು ಈಗಲೂ ಸುಮಾರು ಮೂರು ತಿಂಗಳು ತರಬೇತಿ ಪಡೆದು, ಸ್ಥಳೀಯ ಭಾಷೆ ಕಲಿತು, ನಂತರ ಎರಡು ವರ್ಷ ಅಲ್ಲೇ ಇರುತ್ತಾರೆ. ಭಾರತಕ್ಕೂ 1961ರಿಂದ 1976ರವರೆಗೆ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಬಂದಿದ್ದರು. ಮುಂದೆ ಅಮೆರಿಕದ ಅಧ್ಯಕ್ಷರಾದ ಜಿಮ್ಮಿ ಕಾರ್ಟರ್ ಅವರ ತಾಯಿ ಲಿಲಿಯನ್ ಕಾರ್ಟರ್ 68ನೇ ವಯಸ್ಸಿನಲ್ಲಿ ನರ್ಸ್ ಆಗಿ ಮುಂಬೈ ಬಳಿಯ ವಿಕ್ರೋಲಿಯಲ್ಲಿ ಕೆಲಸ ಮಾಡಿದ್ದು ಹೀಗೆಯೇ. ಜಪಾನಿನ ಪಡೆಗೆ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅದೇ ವರ್ಷ ಅದೇ ಪ್ರಶಸ್ತಿ ಪಡೆದವರಲ್ಲಿ ನಮ್ಮ ಕೆಜಿಎಫ್‌ನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರೂ ಒಬ್ಬರು.

ಆದರೆ ಎರಡು ವರ್ಷ ಎಲ್ಲರಿಂದಲೂ ಆಗುವುದಿಲ್ಲ. ಹೀಗಾಗಿ ಅವಧಿ ಕುಗ್ಗುತ್ತ ಬಂತು. ಬೇಸಿಗೆ ರಜೆಯ ಎರಡು ತಿಂಗಳು, ನಂತರ ಒಂದು ತಿಂಗಳು, ನಂತರ ಎರಡು ವಾರ, ಈಗ ಒಂದು ವಾರ. ಅವಧಿ ಕುಗ್ಗಿದಷ್ಟೂ ಭಾಷೆ ಕಲಿಯುವ ಮಾತು ಬಿಟ್ಟುಹೋಯಿತು. ಕೆಲಸ ಗೊತ್ತಿರಬೇಕೆಂಬ ಷರತ್ತೂ ಹೋಯಿತು. ಉಳಿದದ್ದು ಶುಲ್ಕ ಕಟ್ಟುವ ಶಕ್ತಿಯೊಂದೇ. ಸೇವಕರನ್ನು ಆರಿಸುವ ಸಂಸ್ಥೆಗಳ ಜಾಗದಲ್ಲಿ ಗ್ರಾಹಕರನ್ನು ಹುಡುಕುವ ಕಂಪನಿಗಳು ಬಂದವು.

ಎಚ್ಚರಿಕೆಯ ಮಾತು ಆಗಲೇ ಬಂದಿತ್ತು. 1968ರ ಏಪ್ರಿಲ್‌ನಲ್ಲಿ ಚಿಂತಕ ಇವಾನ್ ಇಲಿಚ್, ಮೆಕ್ಸಿಕೊ ಹಳ್ಳಿಗಳಿಗೆ ಬೇಸಿಗೆ ಸೇವೆಗೆ ಹೊರಟಿದ್ದ ಅಮೆರಿಕದ ವಿದ್ಯಾರ್ಥಿಗಳ ಸಭೆಯಲ್ಲೇ ನಿಂತು ಅವರ ಸದುದ್ದೇಶವನ್ನು ತರಾಟೆಗೆ ತೆಗೆದುಕೊಂಡರು. ಭಾಷೆಯೇ ಬಾರದ ನಿಮಗೆ, ನೀವು ಮಾಡಿದ್ದು ಸರಿಯೋ ತಪ್ಪೋ ಎಂದು ಆ ಜನ ಹೇಳಿದರೂ ತಿಳಿಯುವುದಿಲ್ಲ ಎಂಬುದು ಅವರ ವಾದದ ತಿರುಳು. ಕಲಿಯುವವರಾಗಿ ಬರುವುದಕ್ಕೆ ಅವರ ಅಡ್ಡಿ ಇರಲಿಲ್ಲ. ಉದ್ಧಾರಕರಾಗಿ ಬರುವುದಕ್ಕೆ ಇತ್ತು. 2007ರಲ್ಲಿ ಇದೇ ಮಾತನ್ನು ಹೇಳಿದ್ದು ವಿಎಸ್ಒ! ಸರಿಯಾದ ಯೋಜನೆಯಿಲ್ಲದ ಇಂಥ ಕಾರ್ಯಕ್ರಮಗಳಿಗೆ ಸಾವಿರಾರು ಪೌಂಡ್ ಸುರಿಯುವುದಕ್ಕಿಂತ ಯುವಕರು ಸುಮ್ಮನೆ ಪ್ರವಾಸ ಹೋಗಿ ಬರುವುದೇ ಲೇಸು ಎಂದು ಅದು ಎಚ್ಚರಿಸಿತು. ಹೊತ್ತಿಗೆ ವಿಎಸ್ಒ ತಾನೇ ಶಾಲಾ ಹುಡುಗರನ್ನು ಬಿಟ್ಟು ಅನುಭವಿ ಶಿಕ್ಷಕರು, ನರ್ಸ್‌ಗಳು, ಎಂಜಿನಿಯರ್‌ಗಳ ಕಡೆ ತಿರುಗಿಯಾಗಿತ್ತು.

ಒಂದು ಮನೆಯ ಲೆಕ್ಕ

ಸದುದ್ದೇಶವನ್ನು ಅಳೆಯುವುದು ಕಷ್ಟ, ಇಟ್ಟಿಗೆಯನ್ನು ಅಳೆಯಬಹುದು. 1998ರಲ್ಲಿ ಮಿಚ್ ಚಂಡಮಾರುತ ಮಧ್ಯ ಅಮೆರಿಕದ ಹೊಂಡುರಾಸ್ ದೇಶವನ್ನು ಧೂಳೀಪಟ ಮಾಡಿತು. ಸಾವಿರಾರು ಜನ ಸತ್ತರು, ಲಕ್ಷಾಂತರ ಜನ ಮನೆ ಕಳೆದುಕೊಂಡರು. ಉತ್ತರ ಅಮೆರಿಕದಿಂದ ತಂಡ ತಂಡವಾಗಿ ಸ್ವಯಂಸೇವಕರು ಮನೆ ಕಟ್ಟಲು ಬಂದರು. ಕರ್ಟ್ ವರ್ ಬೀಕ್ ಎಂಬ ಸಮಾಜಶಾಸ್ತ್ರಜ್ಞ ಈ ಕೆಲಸವನ್ನು ಹತ್ತಿರದಿಂದ ಅಧ್ಯಯನ ಮಾಡಿ 2006ರಲ್ಲಿ ಪ್ರಕಟಿಸಿದರು.

ಸ್ಥಳೀಯ ಸಂಸ್ಥೆ ಸ್ಥಳೀಯ ಕೆಲಸಗಾರರಿಂದ ಕಟ್ಟಿಸಿದರೆ ಒಂದು ಮನೆಗೆ ತಗಲುತ್ತಿದ್ದುದು ಸುಮಾರು 2,000 ಡಾಲರ್. ವಿದೇಶಿ ತಂಡದ ವಿಮಾನ ಟಿಕೆಟ್, ವಾಸ್ತವ್ಯ ಎಲ್ಲ ಸೇರಿದರೆ ಅದೇ ಮನೆಗೆ ಸುಮಾರು 30,000 ಡಾಲರ್. ಅಂದರೆ ಒಂದು ಮನೆ ಕಟ್ಟಲು ಬಂದವರು ಬರದೆ ಹಣವನ್ನಷ್ಟೇ ಕಳಿಸಿದ್ದರೆ ಹದಿನೈದು ಮನೆಗಳು ಏಳುತ್ತಿದ್ದವು. ಹದಿನಾಲ್ಕು ಕುಟುಂಬಗಳ ಸೂರು ವಿಮಾನದ ಇಂಧನವಾಗಿ ಹೊಗೆಯಾಯಿತು ಎಂದರೆ ಮಾತು ಕಟುವಾದೀತು, ಆದರೆ ಲೆಕ್ಕ ತಪ್ಪಲ್ಲ.

‘ಹಾಗಲ್ಲ, ಮನೆಗಿಂತ ಮನುಷ್ಯ ಸಂಬಂಧ ದೊಡ್ಡದು. ದೂರದಿಂದ ಬಂದು ಜೊತೆಯಲ್ಲಿ ಇಟ್ಟಿಗೆ ಹೊತ್ತರೆ ಆ ಕುಟುಂಬಕ್ಕೆ ಸಿಗುವ ಧೈರ್ಯಕ್ಕೆ ಬೆಲೆ ಕಟ್ಟಲಾದೀತೇ?’ ಎಂದು ಕೇಳಬಹುದು. ವರ್ ಬೀಕ್ ಆ ಕುಟುಂಬಗಳನ್ನೂ ಮಾತನಾಡಿಸಿದರು. ವಿದೇಶಿಯರು ಕಟ್ಟಿದ ಮನೆಯಲ್ಲಿದ್ದವರಿಗೂ ಸ್ಥಳೀಯರು ಕಟ್ಟಿದ ಮನೆಯಲ್ಲಿದ್ದವರಿಗೂ ಬದುಕಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆ ಹಣದಲ್ಲಿ ಇನ್ನಷ್ಟು ಮನೆ ಕಟ್ಟಬಹುದಿತ್ತು, ನಮ್ಮವರಿಗೆ ಕೂಲಿ ಸಿಗುತ್ತಿತ್ತು ಎಂಬ ಅಭಿಪ್ರಾಯ ಅಲ್ಲಿ ಇತ್ತು. ಇನ್ನೊಂದು ಸಮರ್ಥನೆಯೂ ಇದೆ: ಒಮ್ಮೆ ಹೋಗಿ ಬಂದವರು ಜೀವನವಿಡೀ ಬಡವರ ಪರ ನಿಲ್ಲುತ್ತಾರೆ ಎಂಬುದು. ಹೋಗಿ ಬಂದವರ ದಾನದ ಲೆಕ್ಕ ನೋಡಿದಾಗ ಅದರಲ್ಲೂ ದೊಡ್ಡ ಬದಲಾವಣೆ ಕಾಣಲಿಲ್ಲ.

ಇಲ್ಲಿ ಕೂಲಿಯ ಮಾತು ಮುಖ್ಯ. ಬಡ ಹಳ್ಳಿಗಳಲ್ಲಿ ಕೊರತೆ ಇರುವುದು ಕೈಗಳದ್ದಲ್ಲ. ಅಲ್ಲಿ ಗಾರೆ ಕೆಲಸ ಬಲ್ಲವರಿದ್ದಾರೆ, ಕೆಲಸವಿಲ್ಲದೆ ಕೂತ ಯುವಕರಿದ್ದಾರೆ. ಇಲ್ಲದಿರುವುದು ಅವರಿಗೆ ಕೂಲಿ ಕೊಡುವ ಹಣ. ಜೀವಮಾನದಲ್ಲಿ ಕರಣೆ ಹಿಡಿಯದ ವಿದ್ಯಾರ್ಥಿ ಹಣ ಕೊಟ್ಟು ಅಲ್ಲಿ ಗೋಡೆ ಕಟ್ಟಲು ನಿಂತರೆ ಆ ಊರಿನ ಮೇಸ್ತ್ರಿ ಸುಮ್ಮನೆ ನೋಡುತ್ತ ನಿಲ್ಲಬೇಕು. 2014ರಲ್ಲಿ ಪಿಪ್ಪಾ ಬಿಡಲ್ ಎಂಬ ಅಮೆರಿಕದ ಯುವ ಲೇಖಕಿ ಬರೆದ ಲೇಖನವೊಂದು ಜಗತ್ತಿನಾದ್ಯಂತ ಚರ್ಚೆಯಾಯಿತು. ಶಾಲೆಯಲ್ಲಿದ್ದಾಗ ಸಹಪಾಠಿಗಳೊಂದಿಗೆ ತಾಂಜಾನಿಯಾಕ್ಕೆ ಹೋಗಿ ಗ್ರಂಥಾಲಯ ಕಟ್ಟುವ ಕೆಲಸಕ್ಕೆ ಅವರು ಇಳಿದಿದ್ದರು. ಹಗಲಲ್ಲಿ ಹುಡುಗಿಯರು ಇಟ್ಟಿದ್ದ ಸೊಟ್ಟ ಇಟ್ಟಿಗೆಗಳನ್ನು ರಾತ್ರಿ ಊರಿನ ಗಂಡಸರು ಕಿತ್ತು ಮತ್ತೆ ಸರಿಯಾಗಿ ಕಟ್ಟುತ್ತಿದ್ದರು. ಬೆಳಿಗ್ಗೆ ಎದ್ದಾಗ ಹುಡುಗಿಯರಿಗೆ ತಿಳಿಯಬಾರದೆಂದು! ಅತಿಥಿಗಳ ಮನಸ್ಸು ನೋಯಬಾರದೆಂಬ ಈ ಎಚ್ಚರವೂ ಒಂದು ಕೂಲಿಯಿಲ್ಲದ ಕೆಲಸವೇ.

ಅನಾಥರು ಬೇಕಾಗಿದ್ದಾರೆ

ಸೊಟ್ಟ ಗೋಡೆಯನ್ನು ಕೆಡವಿ ಕಟ್ಟಬಹುದು. ಮಕ್ಕಳ ವಿಷಯದಲ್ಲಿ ಆದ ಹಾನಿ ಅಷ್ಟು ಸುಲಭಕ್ಕೆ ಸರಿಯಾಗುವುದಿಲ್ಲ. ಇಡೀ ಚರ್ಚೆಯಲ್ಲಿ ನಮ್ಮ ಯುವಜನ ಅತ್ಯಂತ ಗಮನವಿಟ್ಟು ಓದಬೇಕಾದ ಭಾಗ ಇದು.

ಕಾಂಬೋಡಿಯಾ 1975ರಿಂದ 1979ರವರೆಗೆ ಖ್ಮೇರ್ ರೂಜ್ ಆಡಳಿತದಲ್ಲಿ ನರಕ ಕಂಡ ದೇಶ. ಆಗ ನಿಜಕ್ಕೂ ಅನಾಥರಾದ ಮಕ್ಕಳು ಅಸಂಖ್ಯ. ಆದರೆ ಮೂರು ದಶಕ ಕಳೆದು ದೇಶ ಚೇತರಿಸಿಕೊಂಡಂತೆ ಅನಾಥಾಲಯಗಳು ಕಡಿಮೆಯಾಗಬೇಕಿತ್ತಲ್ಲವೇ? ಆದದ್ದು ಉಲ್ಟಾ. 2005ರಿಂದ 2010ರ ನಡುವೆ ಅಲ್ಲಿ ಅನಾಥಾಲಯಗಳ ಸಂಖ್ಯೆ ಶೇ 75ರಷ್ಟು ಏರಿತು. ಅವುಗಳಲ್ಲಿದ್ದ ಪ್ರತಿ ನಾಲ್ಕು ಮಕ್ಕಳಲ್ಲಿ ಸುಮಾರು ಮೂವರಿಗೆ ತಂದೆಯೋ ತಾಯಿಯೋ ಬದುಕಿದ್ದರು. ಯುನಿಸೆಫ್ ಬೆಂಬಲದೊಂದಿಗೆ ನಡೆದ ಅಧ್ಯಯನವೇ ಇದನ್ನು ಹೊರಹಾಕಿತು. ಅಂಕೋರ್‌ವಾಟ್ ದೇಗುಲ ನೋಡಲು ಪ್ರವಾಸಿಗರ ದಂಡು ಹೆಚ್ಚಿದ ವರ್ಷಗಳೂ ಅವೇ.

ಕಾರಣ ಸರಳ. ಪ್ರವಾಸಿಗರಿಗೆ ಅನಾಥ ಮಕ್ಕಳನ್ನು ನೋಡಬೇಕು, ಒಂದು ದಿನ ಅವರೊಂದಿಗೆ ಆಡಬೇಕು, ಒಂದಿಷ್ಟು ಡಾಲರ್ ಕೊಡಬೇಕು. ಬೇಡಿಕೆ ಇದ್ದಲ್ಲಿ ಪೂರೈಕೆ ಹುಟ್ಟಿಕೊಳ್ಳುತ್ತದೆ. ಹಳ್ಳಿಯ ಬಡ ತಂದೆ ತಾಯಿಯ ಬಳಿ ಹೋಗಿ, ‘ಮಗುವನ್ನು ಕಳಿಸಿ, ಊಟ ಹಾಕುತ್ತೇವೆ, ಇಂಗ್ಲಿಷ್ ಕಲಿಸುತ್ತೇವೆ’ ಎಂದರೆ ಯಾವ ಬಡ ತಾಯಿ ಬೇಡ ಎನ್ನುತ್ತಾಳೆ? ನಮ್ಮ ಕಡೆಯೂ ಮಗುವನ್ನು ಹಾಸ್ಟೆಲ್ಲಿಗೆ ಸೇರಿಸಿ ಓದಿಸುವ ತಾಯಂದಿರು ಇಲ್ಲವೇ? ವ್ಯತ್ಯಾಸವೆಂದರೆ, ಅಲ್ಲಿ ಹಾಸ್ಟೆಲ್ಲಿಗೆ ಸೇರಿದ ಮಗು ಹೊರಗಿನವರ ಕಣ್ಣಿಗೆ ಅನಾಥವಾಗಬೇಕಿತ್ತು. ಮಕ್ಕಳು ಬಡವರಾಗಿ ಕಂಡಷ್ಟೂ ದೇಣಿಗೆ ಹೆಚ್ಚು. ಹೀಗಿದ್ದಾಗ ಅವರ ಸ್ಥಿತಿ ಸುಧಾರಿಸಲು ನಡೆಸುವವರಿಗೆ ಆಸೆಯಾದರೂ ಏಕಿರುತ್ತದೆ?

ನೇಪಾಳದ ಕಥೆ ಇನ್ನೂ ಕಟು. 1996ರಿಂದ 2006ರವರೆಗಿನ ಅಂತರ್ಯುದ್ಧದ ಕಾಲದಲ್ಲಿ ಕರ್ನಾಲಿ ಪ್ರದೇಶದ ಹುಮ್ಲಾದಂಥ ದುರ್ಗಮ ಜಿಲ್ಲೆಗಳಿಗೆ ದಲ್ಲಾಳಿಗಳು ಹೋದರು. ಕಠ್ಮಂಡುವಿನಲ್ಲಿ ಓದಿಸುತ್ತೇವೆಂದು ನಂಬಿಸಿ, ಹೆತ್ತವರಿಂದಲೇ ಹಣ ಪಡೆದು ಮಕ್ಕಳನ್ನು ಕರೆತಂದರು. ತಂದೆ ತಾಯಿ ಸತ್ತಿದ್ದಾರೆಂದು ಸುಳ್ಳು ಕಾಗದ ಹುಟ್ಟಿದವು. ಹೀಗೆ ಕಾಗದದ ಮೇಲಷ್ಟೇ ಅನಾಥರಾದ ಮಕ್ಕಳನ್ನು ವಿದೇಶಿ ಸ್ವಯಂಸೇವಕರು ಮುದ್ದಿಸಿದರು, ಫೋಟೊ ತೆಗೆಸಿಕೊಂಡರು, ಕಣ್ಣೀರಿಟ್ಟು ವಿಮಾನ ಹತ್ತಿದರು. ಹಾಗೆ ಹೋದವರಲ್ಲಿ ಒಬ್ಬರಾದ ಅಮೆರಿಕದ ಕಾನರ್ ಗ್ರೆನ್ನನ್ ಅವರಿಗೆ ಈ ಮಕ್ಕಳ ಹೆತ್ತವರು ಬದುಕಿದ್ದಾರೆಂಬ ಸತ್ಯ ಗೊತ್ತಾಯಿತು. ಅವರು ಹುಮ್ಲಾದ ಹಳ್ಳಿಗಳಿಗೆ ನಡೆದು ಹೋಗಿ ಕುಟುಂಬಗಳನ್ನು ಹುಡುಕಿದರು. ಮಕ್ಕಳನ್ನು ಮನೆಗೆ ಮರಳಿಸುವ ಸಂಸ್ಥೆಯನ್ನೇ ಕಟ್ಟಿದರು. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಸುಮಾರು ಒಂಬತ್ತು ಸಾವಿರ ಜನ ಸತ್ತಾಗ ಮತ್ತೆ ಅದೇ ದಂಧೆ ತಲೆ ಎತ್ತೀತೆಂಬ ಭಯದಿಂದ ನೇಪಾಳ ಸರ್ಕಾರ ದಾಖಲೆಯಿಲ್ಲದೆ ಮಕ್ಕಳನ್ನು ಜಿಲ್ಲೆಯಿಂದಾಚೆ ಸಾಗಿಸುವುದಕ್ಕೆ ಕಡಿವಾಣ ಹಾಕಬೇಕಾಯಿತು.

ಒಳ್ಳೆಯ ಅನಾಥಾಲಯವಾದರೂ ಎರಡು ವಾರದ ಅಕ್ಕ–ಅಣ್ಣಂದಿರು ಮಕ್ಕಳಿಗೆ ಹಿತವಲ್ಲ. ಮಗುವಿಗೆ ಬೇಕಾದದ್ದು ಇವತ್ತು ಇದ್ದು ನಾಳೆಯೂ ಇರುವ ಒಬ್ಬ ವ್ಯಕ್ತಿ. ತಿಂಗಳಿಗೊಬ್ಬರು ಬಂದು, ಪ್ರೀತಿ ಸುರಿದು, ಹೇಳದೆ ಹೋದರೆ ಆ ಮಗು ಪ್ರತಿ ಬಾರಿ ಒಬ್ಬರನ್ನು ಕಳೆದುಕೊಳ್ಳುತ್ತದೆ. ಅಪರಿಚಿತರನ್ನು ಕಂಡೊಡನೆ ಓಡಿಬಂದು ತಬ್ಬಿಕೊಳ್ಳುವ ಮಗುವನ್ನು ಕಂಡು ನಾವು ‘ಎಷ್ಟು ಪ್ರೀತಿ!’ ಎನ್ನುತ್ತೇವೆ. ಮಕ್ಕಳ ಮನಸ್ಸನ್ನು ಬಲ್ಲವರು ಅದನ್ನು ಗಾಯದ ಗುರುತು ಎಂದು ಓದುತ್ತಾರೆ.

ಜಗತ್ತು ಈ ವಿಷಯದಲ್ಲಿ ನಿಧಾನವಾಗಿಯಾದರೂ ಎಚ್ಚೆತ್ತಿದೆ. ಆಸ್ಟ್ರೇಲಿಯಾ 2018ರಲ್ಲಿ ಆಧುನಿಕ ಗುಲಾಮಗಿರಿ ವಿರುದ್ಧದ ಕಾಯ್ದೆ ತಂದಾಗ, ಅನಾಥಾಲಯಕ್ಕಾಗಿ ಮಕ್ಕಳನ್ನು ಸಾಗಿಸುವುದನ್ನೂ ಗುಲಾಮಗಿರಿಯ ಒಂದು ರೂಪವೆಂದು ಗುರುತಿಸಿತು. 2019ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಮಕ್ಕಳ ಹಕ್ಕುಗಳ ನಿರ್ಣಯದಲ್ಲಿ ಅನಾಥಾಲಯ ಪ್ರವಾಸದ ಅಪಾಯವನ್ನು ಹೆಸರಿಟ್ಟು ಹೇಳಿತು. ನಮ್ಮಲ್ಲೂ 2015ರ ಬಾಲನ್ಯಾಯ ಕಾಯ್ದೆ ಪ್ರಕಾರ ಪ್ರತಿ ಮಕ್ಕಳ ಪಾಲನಾ ಸಂಸ್ಥೆ ನೋಂದಣಿ ಮಾಡಿಸಲೇಬೇಕು. ‘ಮಿಷನ್ ವಾತ್ಸಲ್ಯ’ ಯೋಜನೆಯಲ್ಲಿ ಸಂಕಷ್ಟದಲ್ಲಿರುವ ಮಗು ಮನೆಯಲ್ಲೇ ಬೆಳೆಯಲೆಂದು ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ಕೊಡಲು ಅವಕಾಶವಿದೆ. ಅನಾಥಾಲಯಕ್ಕೆ ಹಣ ಕೊಡುವುದಕ್ಕೂ, ಮಗು ಅನಾಥಾಲಯಕ್ಕೆ ಹೋಗದಂತೆ ಕುಟುಂಬಕ್ಕೆ ಕೊಡುವುದಕ್ಕೂ ಅಜಗಜಾಂತರ ವ್ಯತ್ಯಾಸವಿದೆ.

ಫೋಟೊದ ರಾಜಕಾರಣ

ಹೋದವರೆಲ್ಲ ಮರಳಿ ತರುವ ಒಂದು ವಸ್ತು ಫೋಟೊ. ಸುತ್ತ ಬರಿಗಾಲಿನ ಮಕ್ಕಳು, ನಡುವೆ ನಗುವ ಸ್ವಯಂಸೇವಕ. ಅದೇ ಹುಡುಗ ಬೆಂಗಳೂರಿನ ಶಾಲೆಯೊಂದಕ್ಕೆ ನುಗ್ಗಿ, ಪೋಷಕರನ್ನು ಕೇಳದೆ ಮಕ್ಕಳ ಫೋಟೊ ತೆಗೆದು ಇನ್‌ಸ್ಟಾಗ್ರಾಂಗೆ ಹಾಕಿದರೆ ಪೊಲೀಸರು ಮನೆಗೆ ಬರುತ್ತಾರೆ. ಬಡ ದೇಶದ ಮಗುವಿಗೆ ಆ ರಕ್ಷಣೆ ಏಕೆ ಇಲ್ಲ?

ನಾರ್ವೆಯ ವಿದ್ಯಾರ್ಥಿಗಳ ಸಂಘಟನೆಯೊಂದು 2012ರಲ್ಲಿ ಇದನ್ನು ತಮಾಷೆಯಾಗಿ ತಿರುಗಿಸಿ ತೋರಿಸಿತು. ಅವರ ವಿಡಿಯೊದಲ್ಲಿ ಆಫ್ರಿಕಾದ ಯುವಕರು ಸೇರಿ, ಚಳಿಯಲ್ಲಿ ನಡುಗುವ ಪಾಪದ ನಾರ್ವೆ ಜನರಿಗಾಗಿ ಕೋಣೆ ಬಿಸಿ ಮಾಡುವ ರೇಡಿಯೇಟರ್‌ಗಳನ್ನು ಸಂಗ್ರಹಿಸುತ್ತಾರೆ, ಮನ ಕರಗಿಸುವ ಹಾಡು ಹಾಡುತ್ತಾರೆ! ನಾರ್ವೆ ಎಂದರೆ ಹಿಮದಲ್ಲಿ ಸಾಯುವ ಜನ ಎಂದಷ್ಟೇ ಜಗತ್ತು ತಿಳಿದರೆ ಹೇಗಿರುತ್ತದೆ ಎಂಬುದು ಅವರ ಪ್ರಶ್ನೆ. ಭಾರತದವರಾದ ನಮಗೆ ಇದು ಬೇಗ ಅರ್ಥವಾಗಬೇಕು. ಹೊರಗಿನವರು ಬಂದು ಕೊಳೆಗೇರಿ, ಹಾವಾಡಿಗರ ಫೋಟೊ ಮಾತ್ರ ತೆಗೆದುಕೊಂಡು ಹೋದಾಗ ನಮಗೂ ಸಿಟ್ಟು ಬರುತ್ತಿತ್ತು. ಈಗ ಕ್ಯಾಮೆರಾ ನಮ್ಮ ಕೈಗೆ ಬಂದಿದೆ.

ಹಾಗಾದರೆ ಯಾರೂ ಹೋಗಬಾರದೇ?

ಖಂಡಿತ ಹಾಗಲ್ಲ. ಹೊರಗಿನವರ ನೆರವು ಊರನ್ನು ನಿಜವಾಗಿಯೂ ಬದಲಿಸಿದ ಉದಾಹರಣೆಗಳಿವೆ. ಅವು ಏಕೆ ಯಶಸ್ವಿಯಾದವು ಎಂದು ನೋಡಿದರೆ ದಾರಿ ಕಾಣುತ್ತದೆ.

ಆಸ್ಟ್ರೇಲಿಯಾದ ನೇತ್ರತಜ್ಞ ಫ್ರೆಡ್ ಹಾಲೋಸ್ 1985ರಲ್ಲಿ ನೇಪಾಳಕ್ಕೆ ಬಂದರು. ಅಲ್ಲಿ ಅವರಿಗೆ ಸಂಡುಕ್ ರುಯಿತ್ ಎಂಬ ಯುವ ವೈದ್ಯರ ಪರಿಚಯವಾಯಿತು. ಹಾಲೋಸ್ ವರ್ಷಕ್ಕೊಮ್ಮೆ ಬಂದು ನೂರಾರು ಶಸ್ತ್ರಚಿಕಿತ್ಸೆ ಮಾಡಿ, ಹಾರ ಹಾಕಿಸಿಕೊಂಡು ಹೋಗಬಹುದಿತ್ತು. ಬದಲಿಗೆ ಅವರು ರುಯಿತ್ ಬೆನ್ನಿಗೆ ನಿಂತರು. 1994ರಲ್ಲಿ ಕಠ್ಮಂಡುವಿನಲ್ಲಿ ತಿಲಗಂಗಾ ಕಣ್ಣಿನ ಆಸ್ಪತ್ರೆ ತೆರೆಯಿತು. ಹಾಲೋಸ್ ಅದನ್ನು ನೋಡಲು ಬದುಕಿರಲಿಲ್ಲ. ನೂರು ಡಾಲರಿಗೂ ಮೀರಿದ್ದ ಕಣ್ಣಿನೊಳಗಿನ ಮಸೂರವನ್ನು ಅಲ್ಲಿಯೇ ತಯಾರಿಸಿ ಕೆಲವೇ ಡಾಲರಿಗೆ ಕೊಡುವಂತಾಯಿತು. ನಮ್ಮ ಮದುರೈನ ಅರವಿಂದ್ ಕಣ್ಣಿನ ಆಸ್ಪತ್ರೆಯೂ 1992ರಲ್ಲಿ ಆರೋಲ್ಯಾಬ್ ಸ್ಥಾಪಿಸಿ ಇಂಥದೇ ಸಾಧನೆ ಮಾಡಿತು. ಹೊರಗಿನವರು ಹೋದ ಮೇಲೂ ಕೆಲಸ ನಿಲ್ಲಲಿಲ್ಲ; ಏಕೆಂದರೆ ಕೆಲಸ ಮೊದಲಿನಿಂದಲೂ ಒಳಗಿನವರದ್ದಾಗಿತ್ತು.

ಇನ್ನೊಂದು ಉದಾಹರಣೆಯಲ್ಲಿ ಪ್ರಯಾಣದ ದಿಕ್ಕೇ ತಿರುಗಿದೆ. ಬಂಕರ್ ರಾಯ್ 1972ರಲ್ಲಿ ಆರಂಭಿಸಿದ, ರಾಜಸ್ಥಾನದ ತಿಲೋನಿಯಾ ಹಳ್ಳಿಯ ಬೇರ್‌ಫುಟ್ ಕಾಲೇಜಿಗೆ ಆಫ್ರಿಕಾದ ಹಳ್ಳಿಗಳಿಂದ ಅಕ್ಷರ ಬಾರದ ಅಜ್ಜಿಯರು ಬರುತ್ತಾರೆ. 1964ರಲ್ಲಿ ಆರಂಭವಾದ ಭಾರತ ಸರ್ಕಾರದ ಐಟೆಕ್ ಯೋಜನೆ ಇದಕ್ಕೆ ನೆರವಾಗಿದೆ. ಆರು ತಿಂಗಳು ಸನ್ನೆ ಮತ್ತು ಬಣ್ಣದ ಗುರುತುಗಳ ಮೂಲಕ ಸೌರದೀಪ ಜೋಡಿಸುವುದನ್ನು, ದುರಸ್ತಿ ಮಾಡುವುದನ್ನು ಕಲಿತು ತಮ್ಮ ಊರಿಗೆ ಮರಳುತ್ತಾರೆ. ಅಜ್ಜಿಯರೇ ಏಕೆ? ಯುವಕರು ಪ್ರಮಾಣಪತ್ರ ಸಿಕ್ಕೊಡನೆ ಪಟ್ಟಣಕ್ಕೆ ಓಡುತ್ತಾರೆ, ಅಜ್ಜಿ ಊರಲ್ಲೇ ಉಳಿಯುತ್ತಾಳೆ ಎಂಬುದು ಬಂಕರ್ ರಾಯ್ ಅವರ ತರ್ಕ. ಯುವಜನರಾದ ನಮಗೆ ಈ ಮಾತು ಸ್ವಲ್ಪ ಚುಚ್ಚುತ್ತದೆ. ಆದರೆ ಅಭಿವೃದ್ಧಿಯ ಗುಟ್ಟು ಅದರಲ್ಲೇ ಇದೆ: ವಿದ್ಯೆಯನ್ನು ಉಳಿಯುವವರ ಕೈಗೆ ಕೊಡಬೇಕು.

ಎನ್ಎಸ್ಎಸ್ ಶಿಬಿರದಿಂದ ಒಂದು ಪಾಠ

ನಮ್ಮಲ್ಲಿ ಬಹುತೇಕರಿಗೆ ಗೊತ್ತಿರುವ ಸೇವಾ ಪ್ರವಾಸ ಎಂದರೆ ಎನ್ಎಸ್ಎಸ್‌ನ ಏಳು ದಿನದ ವಿಶೇಷ ಶಿಬಿರ. ಗಾಂಧಿ ಜನ್ಮ ಶತಮಾನೋತ್ಸವದ ಹೊತ್ತಿಗೆ 1969ರಲ್ಲಿ 37 ವಿಶ್ವವಿದ್ಯಾಲಯಗಳಲ್ಲಿ ಶುರುವಾದ ಯೋಜನೆ ಇದು. ಬೆಳಿಗ್ಗೆ ಶ್ರಮದಾನ, ಮಧ್ಯಾಹ್ನ ಉಪನ್ಯಾಸ, ರಾತ್ರಿ ಸಾಂಸ್ಕೃತಿಕ ಕಾರ್ಯಕ್ರಮ. ಚರಂಡಿ ಸ್ವಚ್ಛ ಮಾಡಿ ಬಂದ ವಾರದಲ್ಲಿ ಅದು ಮತ್ತೆ ತುಂಬಿರುತ್ತದೆ ಎಂದು ನಾವೇ ನಗುತ್ತೇವೆ. ಊರವರೇ ಅಕ್ಕಿ, ತರಕಾರಿ ಕೊಟ್ಟು ಶಿಬಿರಾರ್ಥಿಗಳಿಗೆ ಊಟ ಹಾಕುವುದೂ ಉಂಟು.

ಆದರೂ ಎನ್ಎಸ್ಎಸ್‌ನಲ್ಲಿ ಒಂದು ಪ್ರಾಮಾಣಿಕತೆ ಇದೆ. ಹಳ್ಳಿಯನ್ನು ಉದ್ಧಾರ ಮಾಡುವುದು ತನ್ನ ಮೊದಲ ಗುರಿ ಎಂದು ಅದು ಹೇಳಿಕೊಳ್ಳುವುದಿಲ್ಲ. ಸಮುದಾಯ ಸೇವೆಯ ಮೂಲಕ ವಿದ್ಯಾರ್ಥಿಯ ವ್ಯಕ್ತಿತ್ವ ರೂಪಿಸುವುದೇ ಅದರ ಘೋಷಿತ ಉದ್ದೇಶ. ಅಂದರೆ ಲಾಭ ವಿದ್ಯಾರ್ಥಿಗೆ, ಕಲಿಸುವುದು ಹಳ್ಳಿ. ವಿದೇಶಿ ಸೇವಾ ಪ್ರವಾಸಗಳು ತಪ್ಪುವುದು ಇಲ್ಲೇ. ಅವು ಮಾರುವುದು ಶಿಕ್ಷಣವನ್ನು, ಹಚ್ಚುವ ಹೆಸರು ಸೇವೆ. ರೆಸ್ಯೂಮೆಗೆ ಒಂದು ಸಾಲು, ವಿದೇಶಿ ವಿಶ್ವವಿದ್ಯಾಲಯದ ಅರ್ಜಿಗೆ ಒಂದು ಪ್ರಬಂಧ, ಮನಸ್ಸಿಗೆ ಒಂದಿಷ್ಟು ತಿಳಿವು, ಇವೆಲ್ಲ ಹೋದವರಿಗೆ ಸಿಗುತ್ತವೆ. ಅದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ. ಆದರೆ ಕಲಿತದ್ದು ನಾವಾದರೆ ಕಲಿಸಿದವರು ಅವರು. ಗುರುದಕ್ಷಿಣೆ ಕೊಡಬೇಕಾದವರು ನಾವೇ ಹೊರತು, ಅವರು ನಮಗೆ ಕೃತಜ್ಞರಾಗಿರಬೇಕಿಲ್ಲ. ಶುಲ್ಕದ ದೊಡ್ಡ ಪಾಲು ನಗರದ ಏಜೆಂಟರ ಬದಲು ಉಳಿಸಿಕೊಂಡ ಮನೆಗೆ, ಅಡುಗೆ ಮಾಡಿದ ಅಮ್ಮನಿಗೆ, ದಾರಿ ತೋರಿದ ಹುಡುಗನಿಗೆ ಹೋಗಬೇಕು.

ಈಗಲೇ ಏಕೆ ಈ ಮಾತು?

ಏಕೆಂದರೆ ಜಗತ್ತಿನ ನೆರವಿನ ವ್ಯವಸ್ಥೆ ಕುಸಿಯುತ್ತಿದೆ. ಅಮೆರಿಕದ ಯುಎಸ್ಏಡ್ ಸಂಸ್ಥೆಯ ಶೇ 83ರಷ್ಟು ಕಾರ್ಯಕ್ರಮಗಳು 2025ರ ಆರಂಭದ ತಿಂಗಳುಗಳಲ್ಲಿ ರದ್ದಾದವು. ಜುಲೈ 1ರಂದು ಆ ಸಂಸ್ಥೆಯ ಕೆಲಸವೇ ನಿಂತು, ಉಳಿದದ್ದು ವಿದೇಶಾಂಗ ಇಲಾಖೆಯ ಪಾಲಾಯಿತು. ಬ್ರಿಟನ್ ತನ್ನ ರಾಷ್ಟ್ರೀಯ ಆದಾಯದ ಶೇ 0.5ರಷ್ಟಿದ್ದ ನೆರವನ್ನು 2027ರ ಹೊತ್ತಿಗೆ ಶೇ 0.3ಕ್ಕೆ ಇಳಿಸುವುದಾಗಿ ಪ್ರಕಟಿಸಿದೆ. ಔಷಧ, ಲಸಿಕೆ, ಸ್ಥಳೀಯ ಆರೋಗ್ಯ ಕಾರ್ಯಕರ್ತೆಯರ ಸಂಬಳಕ್ಕೆ ಹೋಗುತ್ತಿದ್ದ ಹಣ ಇದು. ಈ ಖಾಲಿ ಜಾಗವನ್ನು ತುಂಬುತ್ತೇವೆಂದು ಇನ್ನಷ್ಟು ಸೇವಾ ಪ್ರವಾಸಗಳು ಬರುತ್ತವೆ. ಸಂಬಳ ನಿಂತುಹೋದ ನರ್ಸ್ ಜಾಗಕ್ಕೆ ಎರಡು ವಾರದ ವಿದ್ಯಾರ್ಥಿ ಬಂದು ನಿಂತರೆ ಅದನ್ನು ನೆರವು ಎನ್ನಲಾದೀತೇ?

ಎರಡನೆಯ ಕಾರಣ ನಾವೇ. ಇಷ್ಟು ಕಾಲ ಈ ಚರ್ಚೆಯಲ್ಲಿ ಭಾರತ ಇದ್ದದ್ದು ಪಡೆಯುವವರ ಸಾಲಿನಲ್ಲಿ. ಈಗ ನಮ್ಮ ಮಧ್ಯಮ ವರ್ಗದ ಮಕ್ಕಳು ಕೊಡುವವರ ಸಾಲಿಗೆ ಸೇರುತ್ತಿದ್ದಾರೆ. ಪಾಶ್ಚಾತ್ಯರು ಅರವತ್ತು ವರ್ಷದಲ್ಲಿ ಮಾಡಿದ ತಪ್ಪುಗಳನ್ನು ನಾವು ಮೊದಲಿನಿಂದ ಮಾಡಬೇಕಾಗಿಲ್ಲ. ಹೊರಡುವ ಮುನ್ನ ಕೆಲವು ಪ್ರಶ್ನೆ ಕೇಳಿಕೊಂಡರೆ ಸಾಕು:

- ಈ ಕೆಲಸವನ್ನು ನಮ್ಮೂರಿನಲ್ಲಿ ಮಾಡಲು ನನಗೆ ಯಾರಾದರೂ ಅವಕಾಶ ಕೊಡುತ್ತಾರೆಯೇ? ಇಲ್ಲಿ ಪಾಠ ಮಾಡಲು ಬಿ.ಇಡಿ ಬೇಕು, ಇಂಜೆಕ್ಷನ್ ಕೊಡಲು ನರ್ಸಿಂಗ್ ಬೇಕು. ಅಲ್ಲಿ ಬೇಡವೇ?
- ಈ ಕೆಲಸ ಬೇಕೆಂದು ಕೇಳಿದವರು ಯಾರು? ಹಳ್ಳಿಯವರೋ, ಪ್ಯಾಕೇಜ್ ಮಾರುವವರೋ?
- ನನ್ನ ಶುಲ್ಕದಲ್ಲಿ ಆ ಊರಿಗೆ ಎಷ್ಟು ಹೋಗುತ್ತದೆ? ಲೆಕ್ಕ ಕೊಡಲು ಸಿದ್ಧರಿದ್ದಾರೆಯೇ?
- ಮಕ್ಕಳ ನಡುವಿನ ಕೆಲಸವಾದರೆ ನನ್ನ ಹಿನ್ನೆಲೆ ಪರಿಶೀಲಿಸಿದ್ದಾರೆಯೇ? ಯಾರು ಬೇಕಾದರೂ ಬರಬಹುದು ಎನ್ನುವ ಜಾಗಕ್ಕೆ ಕೆಟ್ಟವರೂ ಬರಬಹುದು. ಅನಾಥಾಲಯವಾದರೆ ಹೋಗದಿರುವುದೇ ಸರಿ.
- ವೀಸಾ ಯಾವುದು? ನೇಪಾಳದಲ್ಲಿ ವಿದೇಶಿಯರು ಪ್ರವಾಸಿ ವೀಸಾದಲ್ಲಿ ಸ್ವಯಂಸೇವೆ ಮಾಡುವಂತಿಲ್ಲ. ಭಾರತೀಯರಿಗೆ ಅಲ್ಲಿ ವೀಸಾ ಬೇಕಿಲ್ಲದಿದ್ದರೂ, ನಿಯಮ ಮುರಿದು ವಿದೇಶಿಯರನ್ನು ಕರೆಸುವ ಸಂಸ್ಥೆಯ ಜೊತೆ ಸೇರುವುದು ಎಷ್ಟು ಸರಿ?
- ನಾನು ಹೊರಟ ಮರುದಿನ ಆ ಕೆಲಸವನ್ನು ಮುಂದುವರಿಸುವವರ ಹೆಸರೇನು?

ಕೊನೆಯ ಪ್ರಶ್ನೆಗೆ ಉತ್ತರ ಸಿಕ್ಕರೆ ಧೈರ್ಯವಾಗಿ ಹೋಗಿ. ಆ ವ್ಯಕ್ತಿಯ ಕೈಕೆಳಗೆ ಕೆಲಸ ಮಾಡಿ. ಸಿಗದಿದ್ದರೆ ಟಿಕೆಟ್ಟಿನ ಹಣವನ್ನು ಅಲ್ಲಿನ ನಂಬಿಕಸ್ಥ ಸಂಸ್ಥೆಗೆ ಕಳಿಸಿ, ಇಲ್ಲವೇ ಆ ದೇಶಕ್ಕೆ ಸುಮ್ಮನೆ ಪ್ರವಾಸಿಯಾಗಿ ಹೋಗಿ. ಊರವರ ಹೋಟೆಲಿನಲ್ಲಿ ಉಣ್ಣಿ, ಅವರ ಬಸ್ಸಿನಲ್ಲಿ ಓಡಾಡಿ, ಅವರ ಭಾಷೆಯಲ್ಲಿ ನಾಲ್ಕು ಮಾತು ಕಲಿಯಿರಿ. ದುಡ್ಡು ಕೊಟ್ಟು ಊಟ ಮಾಡುವ ಪ್ರವಾಸಿಗನಿಂದ ಆ ಊರಿಗೆ ಆಗುವ ಉಪಕಾರ ಸಣ್ಣದಲ್ಲ. ಮುಖ್ಯವಾಗಿ, ಅಲ್ಲಿ ಯಾವ ತಾಯಿಯೂ ನಮಗಾಗಿ ಮಗುವನ್ನು ಬಿಟ್ಟುಕೊಡಬೇಕಾಗಿಲ್ಲ, ಯಾವ ಮೇಸ್ತ್ರಿಯೂ ರಾತ್ರಿ ಎದ್ದು ನಾವು ಕಟ್ಟಿದ ಗೋಡೆಯನ್ನು ಕೆಡವಬೇಕಾಗಿಲ್ಲ.